ಬಿಪಿ ಇದ್ದವರಿಗೆ ಆಯುರ್ವೇದದ ದಿನಚರಿ: ಅಳತೆ ಮೊದಲು, ಕಷಾಯ ಕೊನೆಗೆ

ಬಿಪಿಗೆ ಆಯುರ್ವೇದದ ದಿನಚರಿ ಶುರು ಮಾಡಿದವರು ನಮ್ಮ ಚಿಂತಾಮಣಿ, ಶಿಡ್ಲಘಟ್ಟ, ಕೋಲಾರದ ಕಡೆ ಬಹಳ ಜನ ಇದ್ದಾರೆ. ಶುರು ಮಾಡಿ ಕೈಬಿಟ್ಟವರು ಅದಕ್ಕಿಂತ ಜಾಸ್ತಿ. ಎಲ್ಲರೂ ಎಡವುವುದು ಒಂದೇ ಕಡೆ. ಮೊದಲ ದಿನವೇ ಗ್ರಂಥಿಗೆ ಅಂಗಡಿಯಿಂದ ಕಷಾಯದ ಪುಡಿ ತರುತ್ತಾರೆ. ಹತ್ತನೇ ದಿನ ಎಲ್ಲೋ ಒಮ್ಮೆ ಬಿಪಿ ನೋಡಿಸುತ್ತಾರೆ. 130 ಬಂತು ಅಂತ ಮಾತ್ರೆ ಬಿಡುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ 170. ಆಮೇಲೆ ಆಯುರ್ವೇದ ಕೆಲಸ ಮಾಡಲ್ಲ ಅಂತ ದೂರು.

ಕ್ರಮ ತಲೆಕೆಳಗಾದರೆ ಹೀಗೇ ಆಗುತ್ತದೆ. ಮೊದಲು ಅಳತೆ, ಆಮೇಲೆ ಉಪ್ಪು, ಊಟ, ನಡಿಗೆ, ಉಸಿರು, ನಿದ್ದೆ. ಕಷಾಯದ ಮಾತು ಕೊನೆಗೆ, ಅದೂ ಬೇಕಿದ್ದರೆ.

ಎರಡು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವ ಯಾವ ಹಂತವೂ ಮಾತ್ರೆಗೆ ಬದಲಿ ಅಲ್ಲ. ಡಾಕ್ಟರ್ ಬರೆದುಕೊಟ್ಟದ್ದು ಹಾಗೇ ನಡೆಯಲಿ. ಗರ್ಭಿಣಿಯರು ಮತ್ತು ಕಿಡ್ನಿ ತೊಂದರೆ ಇರುವವರು ಇದನ್ನು ನೋಡಿಕೊಂಡು ತಾವೇ ಏನೂ ಶುರು ಮಾಡಬಾರದು. ಗರ್ಭಿಣಿಗೆ 140/90 ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಇರಬೇಕಾದ ಸಾಮಾನು

ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮೆಷಿನ್ ಬೇಕು. ಮಣಿಕಟ್ಟಿಗೆ ಕಟ್ಟುವುದು ಬೇಡ. ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಅದರ ಲೆಕ್ಕ ತಪ್ಪುತ್ತದೆ. ಕೊಳ್ಳುವಾಗ ಪಟ್ಟಿಯ ಅಳತೆ ನೋಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ.

ಮೆಷಿನ್ ಕೊಳ್ಳಲು ಆಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಸಿ, ಇಲ್ಲವೇ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾದದ್ದು ಕೋಲಾರ ಜಿಲ್ಲೆಯಲ್ಲೇ.

ಇನ್ನು ಒಂದು ನೋಟ್ ಪುಸ್ತಕ, ಒಂದು ಟೀ ಚಮಚ, ಉಪ್ಪಿನ ಪ್ಯಾಕೆಟ್ ಮೇಲೆ ಬರೆಯಲು ಮಾರ್ಕರ್ ಪೆನ್ನು, ಸ್ವಲ್ಪ ಎಳ್ಳೆಣ್ಣೆ. ಜೊತೆಗೆ ಒಂದು ಖಾಲಿ ಕೈಚೀಲ. ಅದು ಯಾಕೆ ಅಂತ ಎರಡನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಏಳು ದಿನ ಬರೀ ಅಳೆಯಿರಿ

ಈ ವಾರ ಏನನ್ನೂ ಬದಲಾಯಿಸಬೇಡಿ. ಉಪ್ಪು, ಕಾಫಿ, ಮಾತ್ರೆ ಎಲ್ಲ ಎಂದಿನಂತೆ. ಈಗ ಎಷ್ಟಿದೆ ಅಂತ ಗೊತ್ತಿಲ್ಲದೆ, ಇಳಿಯಿತು ಅಂತ ಯಾವ ಲೆಕ್ಕದಲ್ಲಿ ಹೇಳುತ್ತೀರಿ?

ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿ ಮಾತ್ರೆ ತಿಂಡಿಗೆಲ್ಲ ಮುಂಚೆ ಒಂದು ಹೊತ್ತು. ರಾತ್ರಿ ಊಟಕ್ಕೆ ಮುಂಚೆ ಇನ್ನೊಂದು ಹೊತ್ತು. ಒಂದೊಂದು ಹೊತ್ತಿಗೂ ಒಂದು ನಿಮಿಷ ಬಿಟ್ಟು ಎರಡು ಸಲ ನೋಡಬೇಕು. ಏಳು ದಿನಕ್ಕೆ 28 ಸಲ ಆಗುತ್ತದೆ. ಮೊದಲ ದಿನದ ನಾಲ್ಕನ್ನು ಬಿಟ್ಟು, ಉಳಿದ 24ರ ಸರಾಸರಿ ತೆಗೆಯಿರಿ. ಮೇಲಿನ ಅಂಕಿಗೆ ಬೇರೆ, ಕೆಳಗಿನ ಅಂಕಿಗೆ ಬೇರೆ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಮೇಲೆ ಇದ್ದರೆ ಜಾಸ್ತಿ ಅಂತ ಲೆಕ್ಕ. ಆಸ್ಪತ್ರೆಯಲ್ಲಿ ನೋಡಿದರೆ ಗಡಿ 140/90. ಬಿಳಿ ಕೋಟು ಕಂಡರೆ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಳ್ಳುತ್ತದೆ, ಅಲ್ವಾ? ಅದಕ್ಕೇ ಆ ವ್ಯತ್ಯಾಸ.

ಕೂರುವ ರೀತಿಯಲ್ಲೇ ಅರ್ಧ ತಪ್ಪು ಆಗುತ್ತದೆ. ಕುರ್ಚಿಯ ಮೇಲೆ ಬೆನ್ನು ಒರಗಿಸಿ, ಎರಡೂ ಪಾದ ನೆಲದ ಮೇಲೆ ಇಟ್ಟು ಕೂರಿ. ಕಾಲ ಮೇಲೆ ಕಾಲು ಹಾಕಬೇಡಿ. ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ. ಪಟ್ಟಿ ಬರೀ ತೋಳಿನ ಮೇಲೆ ಇರಬೇಕು. ಸ್ವೆಟರ್ ಮೇಲೆ ಕಟ್ಟಬೇಡಿ, ಬಿಗಿಯಾದ ರವಿಕೆ ತೋಳನ್ನು ಮೇಲಕ್ಕೆ ಸುತ್ತಿ ಕೂಡ ಕಟ್ಟಬೇಡಿ. ಹಾಗೇ ಐದು ನಿಮಿಷ ಸುಮ್ನೆ ಕೂತು ಆಮೇಲೆ ಬಟನ್ ಒತ್ತಿ. ಅಳೆಯುವಾಗ ಮಾತು ಬೇಡ, ಫೋನೂ ಬೇಡ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ, ಬೀಡಿ ಏನೂ ಬೇಡ. ಮೊದಲ ದಿನ ಎರಡೂ ತೋಳಿಗೆ ನೋಡಿ. ಯಾವುದರಲ್ಲಿ ಜಾಸ್ತಿ ಬರುತ್ತದೋ ಆಮೇಲೆ ಯಾವಾಗಲೂ ಅದೇ ತೋಳು.

ನಮ್ಮನೆಯವರು ಒಂದು ವಾರ ಬಹಳ ಒಳ್ಳೆ ಅಂಕಿ ಬರೆದಿದ್ದರು. ಕೇಳಿದರೆ, ಜಾಸ್ತಿ ಬಂದಾಗಲೆಲ್ಲ ಮತ್ತೆ ಮತ್ತೆ ಒತ್ತಿ, ಕಡಿಮೆ ಬಂದದ್ದನ್ನು ಮಾತ್ರ ಬರೆದಿದ್ದಾರೆ! ಆ ಪುಟ ಹರಿದು ಮತ್ತೆ ಶುರು ಮಾಡಿಸಿದೆ. ಬಂದದ್ದನ್ನು ಬಂದ ಹಾಗೆ ಬರೆಯಿರಿ.

ಈ ಲಕ್ಷಣ ಕಂಡರೆ ಓದುವುದು ನಿಲ್ಲಿಸಿ

ಬಿಪಿ 180/120 ದಾಟಿದೆ, ಜೊತೆಗೆ ಎದೆನೋವು, ಉಸಿರು ಕಟ್ಟುವುದು, ಹಿಂದೆಂದೂ ಇಲ್ಲದ ತಲೆನೋವು, ಕಣ್ಣು ಮಂಜಾಗುವುದು, ಗೊಂದಲ, ಇದರಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಬಾಯಿ ಒಂದು ಕಡೆ ಸೊಟ್ಟಗಾಗಿದೆ, ಒಂದು ಕೈ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ಅದು ಲಕ್ವ (ಸ್ಟ್ರೋಕ್) ಇರಬಹುದು, ಬಿಪಿ ಎಷ್ಟಿದೆ ಅಂತ ನೋಡುತ್ತಾ ಕೂರಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾದ ಹೊತ್ತು ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ ಮಾತ್ರ. ಹಳ್ಳಿಯಿಂದ ದೊಡ್ಡ ಆಸ್ಪತ್ರೆಗೆ ಹೋಗುವುದರಲ್ಲೇ ಎಷ್ಟು ಹೊತ್ತು ಹೋಗುತ್ತದೆ ಅಂತ ನಿಮಗೇ ಗೊತ್ತು. ಅಂಥವರಿಗೆ ನೀರು, ಕಷಾಯ, ನಿಂಬೆರಸ ಏನನ್ನೂ ಕುಡಿಸಬೇಡಿ. ನಾಲಿಗೆ ಕೆಳಗೆ ಯಾರದೋ ಬಿಪಿ ಮಾತ್ರೆ ಇಡಬೇಡಿ.

180/120 ಬಂದಿದೆ ಆದರೆ ಬೇರೇನೂ ತೊಂದರೆ ಇಲ್ಲ ಅಂದರೆ ಐದು ನಿಮಿಷ ಕೂತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅದೇ ದಿನ ಡಾಕ್ಟರನ್ನು ಕಾಣಿ.

ಹಂತ 2: ಪುಸ್ತಕ ಮತ್ತು ಕೈಚೀಲ ಹಿಡಿದು ಡಾಕ್ಟರ ಹತ್ತಿರ

ಕೈಚೀಲದಲ್ಲಿ ಮನೆಯಲ್ಲಿ ನೀವು ತೆಗೆದುಕೊಳ್ಳುವ ಎಲ್ಲವೂ ಇರಲಿ. ಮಾತ್ರೆ, ಲೇಹ್ಯ, ಅರಿಷ್ಟ, ಪುಡಿ, ಪಕ್ಕದ ಮನೆಯವರು ಕೊಟ್ಟ ಬೇರು ಸಹ. ಹೆಸರು ನೆನಪಿನಿಂದ ಹೇಳಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ.

ನೋವಿನ ಮಾತ್ರೆ ಮರೆಯಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆ ಬಿಪಿ ಏರಿಸುತ್ತವೆ, ಕಿಡ್ನಿಗೂ ಕೆಟ್ಟದ್ದು. ಫ್ಲೋರೈಡ್ ನೀರು ಕುಡಿದ ಈ ಸೀಮೆಯಲ್ಲಿ ಮಂಡಿನೋವು, ಸೊಂಟನೋವು ಅಂತ ದಿನಾ ಒಂದು ನುಂಗುವವರು ಬಹಳ ಜನ. ನೆಗಡಿಯ ಕೆಲವು ಮಾತ್ರೆಗಳೂ ಬಿಪಿ ಏರಿಸುತ್ತವೆ.

ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಪೊಟ್ಯಾಶಿಯಂ, ಶುಗರ್, ಮೂತ್ರ ಪರೀಕ್ಷೆ, ಇಸಿಜಿ ಆಗಿದೆಯೇ ಅಂತ ಕೇಳಿ. ಮುಂದಿನ ಹಂತಗಳಲ್ಲಿ ಯಾವುದು ನಿಮಗೆ ಸಲ್ಲುತ್ತದೆ ಅನ್ನುವುದು ಇದರ ಮೇಲೆ ನಿಂತಿದೆ.

ಹಂತ 3: ಉಪ್ಪು

ಫಲ ಸಿಗುವುದೂ ಇಲ್ಲೇ, ಜನ ಸೋಲುವುದೂ ಇಲ್ಲೇ. ಹಾಗಾಗಿ ಇದಕ್ಕೆ ಒಂದು ತಿಂಗಳು ಪೂರ್ತಿ ಕೊಡಿ.

ಚರಕ ಸಂಹಿತೆಯ ವಿಮಾನ ಸ್ಥಾನದ ಮೊದಲ ಅಧ್ಯಾಯದಲ್ಲಿ ಮೂರು ವಸ್ತುಗಳನ್ನು ಅತಿಯಾಗಿ ಬಳಸಬೇಡಿ ಅಂತ ಇದೆ: ಹಿಪ್ಪಲಿ, ಕ್ಷಾರ (ಬೂದಿಯಿಂದ ತೆಗೆಯುವ ವಸ್ತು), ಉಪ್ಪು. ಇದು ಬಿಪಿ ಮೆಷಿನ್ ಹುಟ್ಟುವ ಎಷ್ಟೋ ಶತಮಾನ ಮುಂಚಿನ ಮಾತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ. ಅಂದರೆ ತಲೆ ಸವರಿದ ಒಂದು ಟೀ ಚಮಚಕ್ಕೂ ಕಡಿಮೆ, ಸಾರು ಪಲ್ಯ ಉಪ್ಪಿನಕಾಯಿ ಎಲ್ಲ ಸೇರಿ.

ದಿನಾ ಯಾರು ತೂಕ ಹಾಕುತ್ತಾರೆ? ನಾನು ಮಾಡುವುದು ಇಷ್ಟು. ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯುತ್ತೇನೆ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಅಂದರೆ ಪ್ಯಾಕೆಟ್ 50 ದಿನ ಬರಬೇಕು. ಹೊರಗಿನ ತಿಂಡಿಯ ಉಪ್ಪು ಈ ಲೆಕ್ಕದಲ್ಲಿಲ್ಲ, ಆದ್ದರಿಂದ 60 ದಿನ ಬಂದರೆ ಇನ್ನೂ ಒಳ್ಳೆಯದು. ನಮ್ಮ ಮನೆಯ ಮೊದಲ ಪ್ಯಾಕೆಟ್ ಮುಗಿದದ್ದು 27ನೇ ದಿನ! ಉಪ್ಪಿನಕಾಯಿ ಹಾಕಲು, ಪಾತ್ರೆ ಉಜ್ಜಲು ಬೇರೆ ಪ್ಯಾಕೆಟ್ ಇಡಿ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.

ಕಡಿಮೆ ಮಾಡುವುದಕ್ಕೂ ಒಂದು ಕ್ರಮ ಇದೆ. ಮೊದಲ ವಾರ ಎಲೆಗೆ ಬಡಿಸುವ ಉಪ್ಪು, ಮಜ್ಜಿಗೆ-ಮೊಸರನ್ನಕ್ಕೆ ಉದುರಿಸುವ ಉಪ್ಪು ನಿಲ್ಲಿಸಿ. ಎರಡನೇ ವಾರ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಮೂರನೇ ವಾರ ಬೇಕರಿಯ ಖಾರಾ ಬಿಸ್ಕತ್ತು, ಬನ್ನು, ಮಿಕ್ಸ್ಚರ್. ಸಾರಿನ ಉಪ್ಪು ಕೊನೆಗೆ. ಮೊದಲೇ ಸಾರಿಗೆ ಕೈ ಹಾಕಿದರೆ ಮನೆಯಲ್ಲಿ ಜಗಳ ಆಗುತ್ತದೆ, ನಾಲ್ಕನೇ ದಿನ ಎಲ್ಲ ಹಳೆಯ ಹಾಗೆ. ಸಾರಿನಲ್ಲಿ ಕಾಲು ಭಾಗ ಇಳಿಸಿ, ಹತ್ತು ದಿನ ಬಿಟ್ಟು ಇನ್ನೊಂದಿಷ್ಟು ಇಳಿಸಿ. ನಾಲಿಗೆ ಒಗ್ಗಲು ಕೆಲವು ವಾರ ಬೇಕು. ಉಪ್ಪನ್ನು ಕುದಿಯುವಾಗ ಹಾಕದೆ ಇಳಿಸುವಾಗ ಹಾಕಿದರೆ ಕಡಿಮೆಯಲ್ಲೇ ರುಚಿ ಸಿಗುತ್ತದೆ. ಹುಣಸೆ, ನಿಂಬೆ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಸ್ವಲ್ಪ ಮುಂದಾಗಲಿ.

ಮುದ್ದೆ ತಿನ್ನುವವರಿಗೆ ಒಂದು ಲಾಭ ಇದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಮುದ್ದೆಗೆ ಉಪ್ಪೇ ಹಾಕುವುದಿಲ್ಲ. ತೊಂದರೆ ಎಲ್ಲ ಸಾರಿನದ್ದು. ಉಪ್ಸಾರಿನ ದಿನ ಕಟ್ಟಿನಲ್ಲೂ ಉಪ್ಪು, ಅರೆದ ಖಾರದಲ್ಲೂ ಉಪ್ಪು. ಎರಡರಲ್ಲಿ ಒಂದಕ್ಕೆ ಮಾತ್ರ ಹಾಕಿ. ಮುದ್ದೆ ಮುಳುಗುವಷ್ಟು ಸಾರು ಹುಯ್ಯುವ ಬದಲು ಮಸ್ಸೊಪ್ಪಿನ ಥರ ಗಟ್ಟಿಯಾದದ್ದು ಮಾಡಿದರೆ ಸೊಪ್ಪು ಜಾಸ್ತಿ, ಉಪ್ಪು ಕಡಿಮೆ ಹೊಟ್ಟೆಗೆ ಹೋಗುತ್ತದೆ.

ಇನ್ನು ಎಲ್ಲರೂ ಮಾಡುವ ಮೂರು ತಪ್ಪು.

ಸೈಂಧವ ಲವಣಕ್ಕೆ ಬದಲಾಯಿಸಿ, ಮನಸ್ಸಿಗೆ ಬಂದಷ್ಟು ಹಾಕುವುದು. ಆಯುರ್ವೇದ ಸೈಂಧವವನ್ನು ಉಪ್ಪುಗಳಲ್ಲೆಲ್ಲ ಒಳ್ಳೆಯದು ಅನ್ನುತ್ತದೆ, ನಿಜ. ಆದರೂ ಅದು ಬಹುಪಾಲು ಸೋಡಿಯಂ ಕ್ಲೋರೈಡೇ. ಮೇಲಾಗಿ ಅಯೋಡಿನ್ ಇರುವುದಿಲ್ಲ.

ಕಡಿಮೆ ಸೋಡಿಯಂ ಉಪ್ಪು ಅಂತ ಮಾರುವುದನ್ನು ಕೇಳದೆ ತರುವುದು. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ಬಿಪಿಯ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಕಿಡ್ನಿ ತೊಂದರೆ ಇದ್ದರೆ ದಿನಾ ಎಳನೀರು ಕುಡಿಯುವುದಕ್ಕೂ ಇದೇ ಮಾತು.

ಮೂರನೆಯದು, ಹಟಕ್ಕೆ ಬಿದ್ದು ಉಪ್ಪನ್ನೇ ಬಿಡುವುದು. ಬೇಸಿಗೆಯಲ್ಲಿ ಹೊಲದಲ್ಲಿ ಬೆವರು ಸುರಿಸುವವರು, ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ) ತೆಗೆದುಕೊಳ್ಳುವವರು ಹೀಗೆ ಮಾಡಿದರೆ ತಲೆ ತಿರುಗಿ ಬೀಳುತ್ತಾರೆ. ಅಂದಹಾಗೆ, ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಬೋಂಡಾ, ಬಜ್ಜಿ ತಿನ್ನುವಾಗ ನೆನಪಿರಲಿ.

ಹಂತ 4: ಊಟದ ಹೊತ್ತು, ಊಟದ ಅಳತೆ

ಅಷ್ಟಾಂಗ ಹೃದಯ ಅನ್ನುವ ಹಳೆಯ ಆಯುರ್ವೇದ ಗ್ರಂಥದ ಲೆಕ್ಕ ಸುಲಭ. ಹೊಟ್ಟೆಯನ್ನು ನಾಲ್ಕು ಭಾಗ ಅಂದುಕೊಳ್ಳಿ. ಎರಡು ಭಾಗ ಅನ್ನ, ಒಂದು ಭಾಗ ನೀರು-ಮಜ್ಜಿಗೆ, ಒಂದು ಭಾಗ ಖಾಲಿ. ಹಿಂದಿನ ಊಟ ಅರಗಿ, ತೇಗು ಶುದ್ಧವಾಗಿ ಬಂದು, ಹಸಿವಾದ ಮೇಲೆ ಮುಂದಿನ ಊಟ. ತೂಕ ಜಾಸ್ತಿ ಇದ್ದವರಿಗೆ ಇದೊಂದೇ ನಿಯಮ ಬಹಳ ಸಹಾಯ ಮಾಡುತ್ತದೆ, ಏಕೆಂದರೆ ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ.

ರಾತ್ರಿ ಊಟ ಮಲಗುವ ಎರಡು ಮೂರು ಗಂಟೆ ಮುಂಚೆ ಮುಗಿಯಲಿ. ರಾತ್ರಿ ಮೊಸರು ಬೇಡ. ಮಧ್ಯಾಹ್ನ ಉಪ್ಪಿಲ್ಲದ ಮಜ್ಜಿಗೆ ಕುಡಿಯಿರಿ. ಸೊಪ್ಪು, ಹುರುಳಿ, ಹೆಸರು, ತರಕಾರಿ ದಿನಾ ಇರಲಿ. ಅವರೆಕಾಯಿ ಕಾಲದಲ್ಲಿ ಹಿತ್ಕಬೇಳೆ ಸಾರು ಬಿಡಿ ಅಂತ ನಾನು ಹೇಳಿದರೆ ನನ್ನನ್ನೇ ಊರಿಂದ ಆಚೆ ಹಾಕುತ್ತಾರೆ. ಸಾರು ತಿನ್ನಿ. ಕರಿದು ಉಪ್ಪು-ಖಾರ ಹಾಕಿದ ಅವರೆಬೇಳೆಯ ಡಬ್ಬಿಯನ್ನು ಮಾತ್ರ ಟಿವಿ ಮುಂದೆ ಇಡಬೇಡಿ.

ಬೀಡಿ, ಸಿಗರೇಟು, ಹೊಗೆಸೊಪ್ಪು, ಹೆಂಡ ಇಟ್ಟುಕೊಂಡು ದಿನಚರಿ ಮಾಡುತ್ತೇನೆ ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಹಂತ 5: ಬೆಳಗಿನ ಕೆಲಸ

ಎದ್ದ ತಕ್ಷಣ ನಿಲ್ಲಬೇಡಿ. ಪಕ್ಕಕ್ಕೆ ಹೊರಳಿ, ಹಾಸಿಗೆಯ ಮೇಲೆ ಒಂದು ನಿಮಿಷ ಕೂತು, ಆಮೇಲೆ ಏಳಿ. ಮಲಮೂತ್ರ ತಡೆಯಬಾರದು, ಬಲವಂತದಿಂದ ತಿಣುಕಲೂಬಾರದು. ಎರಡೂ ಆಯುರ್ವೇದದ ಮಾತೇ. ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಮಾಡಿಕೊಳ್ಳಿ.

ಎಳ್ಳೆಣ್ಣೆ ಬೆಚ್ಚಗೆ ಮಾಡಿ ಮೈಗೆ ಹಚ್ಚಿಕೊಳ್ಳಿ. ದಿನಾ ಆಗದಿದ್ದರೆ ತಲೆ, ಕಿವಿ, ಪಾದ ಈ ಮೂರನ್ನಾದರೂ ಬಿಡಬೇಡಿ ಅನ್ನುತ್ತದೆ ಅಷ್ಟಾಂಗ ಹೃದಯ. ಅದೂ ಆಗದಿದ್ದರೆ ರಾತ್ರಿ ಅಂಗಾಲಿಗೆ. ಎಣ್ಣೆಯಿಂದಲೇ ಬಿಪಿ ಇಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಮೈ ಸಡಿಲವಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಜ್ವರ, ನೆಗಡಿ, ಅಜೀರ್ಣ ಇದ್ದ ದಿನ ಬೇಡ.

ಇಲ್ಲಿ ಒಂದು ಅಪಾಯ ಇದೆ. ಎಣ್ಣೆ ಹಚ್ಚಿಕೊಂಡು ಹಂಡೆಯ ಸುಡುನೀರು ಹುಯ್ದುಕೊಳ್ಳುವುದು. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಸುಡುನೀರಿನಿಂದ ಬಿಪಿ ಸರ್ರನೆ ಇಳಿದು, ಬಚ್ಚಲಲ್ಲೇ ಕಣ್ಣು ಕತ್ತಲೆ ಬರುತ್ತದೆ. ಕೆಳಗೆ ಎಣ್ಣೆಯ ನೆಲ ಬೇರೆ. ಉಗುರುಬೆಚ್ಚಗಿನ ನೀರು ಸಾಕು, ತಲೆಗೆ ಇನ್ನೂ ತಣ್ಣಗಿರಲಿ. ಸ್ಟೂಲಿನ ಮೇಲೆ ಕೂತು ಸ್ನಾನ ಮಾಡಿ, ಬಾಗಿಲಿಗೆ ಚಿಲಕ ಹಾಕಬೇಡಿ.

ನಡಿಗೆ ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ವ್ಯಾಯಾಮಕ್ಕೆ ಆಯುರ್ವೇದದ ಅಳತೆ ಅರ್ಧ ಶಕ್ತಿ: ಹಣೆಯಲ್ಲಿ ಬೆವರು ಮೂಡಿ ಬಾಯಿ ಒಣಗಲು ಶುರುವಾದರೆ ನಿಲ್ಲಿಸಿ. ಬೇಸಿಗೆಯಲ್ಲಿ ಅದಕ್ಕಿಂತಲೂ ಕಡಿಮೆ. ಮೊದಲ ಭಾನುವಾರವೇ ಅಂತರಗಂಗೆ ಮೆಟ್ಟಿಲನ್ನೋ ನಂದಿ ಬೆಟ್ಟವನ್ನೋ ಹತ್ತಲು ಹೊರಡಬೇಡಿ.

ಹಂತ 6: ಸಂಜೆಯ ಉಸಿರು, ರಾತ್ರಿಯ ನಿದ್ದೆ

ಸಂಜೆ ಹತ್ತು ನಿಮಿಷ ಕೂತು ನಿಧಾನವಾಗಿ ಉಸಿರಾಡಿ. ಐದು ಎಣಿಸುವಷ್ಟು ಒಳಗೆ, ಐದು ಎಣಿಸುವಷ್ಟು ಹೊರಗೆ. ನಾಡಿಶೋಧನ (ಒಂದೊಂದೇ ಹೊಳ್ಳೆಯಿಂದ ಉಸಿರಾಡುವುದು) ಬಂದರೆ ಅದನ್ನೇ ಮಾಡಿ, ಆದರೆ ಉಸಿರು ಹಿಡಿಯಬೇಡಿ. ಬಿಪಿ ಹತೋಟಿಗೆ ಬರದವರು ಕಪಾಲಭಾತಿ, ಭಸ್ತ್ರಿಕಾ, ಶೀರ್ಷಾಸನ, ಸರ್ವಾಂಗಾಸನದಿಂದ ದೂರ ಇರಬೇಕು. ಫೋನಿನಲ್ಲಿ ನೋಡಿ ಕಲಿತವರು ತಪ್ಪುವುದು ಇಲ್ಲಿಯೇ.

ನಿದ್ದೆ ಏಳು ಗಂಟೆ ಬೇಕು. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಅಂತ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಅಲಾರಾಂ ಇಡುವವರಿದ್ದಾರೆ. ಬೇಗ ಏಳಬೇಕಾದರೆ ಬೇಗ ಮಲಗಿ. ಕೋಲಾರದ ಟೊಮೆಟೊ ಮಂಡಿಗೆ ಸರಿರಾತ್ರಿ ಗಾಡಿ ಹೊರಡಿಸುವವರಿಗೆ ಈ ಮಾತು ಹಿಡಿಸುವುದಿಲ್ಲ, ಗೊತ್ತು. ಅವರು ಮಲಗುವ ಹೊತ್ತನ್ನು ದಿನಾ ಒಂದೇ ಆಗಿ ಇಟ್ಟುಕೊಂಡರೆ ಸಾಕು. ಜೋರು ಗೊರಕೆ, ನಡುವೆ ಉಸಿರು ನಿಂತು ಬೆಚ್ಚಿ ಏಳುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಡಾಕ್ಟರಿಗೆ ಹೇಳಿ. ಏನು ಮಾಡಿದರೂ ಇಳಿಯದ ಬಿಪಿಗೆ ಅದೇ ಕಾರಣ ಇರಬಹುದು.

ಹಂತ 7: ಈಗ ಕಷಾಯದ ಮಾತು

ಒಂದು ಚಳಿಗಾಲ ನನ್ನ ಬಿಪಿ ಎರಡು ತಿಂಗಳು ಇಳಿಯಲೇ ಇಲ್ಲ. ಉಪ್ಪು ಸರಿ, ಮಾತ್ರೆ ಸರಿ, ನಡಿಗೆ ಸರಿ. ಡಾಕ್ಟರ್ ಕೈಚೀಲ ತಡಕಿದಾಗ ಗಂಟಲಿಗೆ ಅಂತ ದಿನಾ ಕುಡಿಯುತ್ತಿದ್ದ ಪುಡಿ ಸಿಕ್ಕಿತು. ಅದರಲ್ಲಿ ಮುಖ್ಯವಾದದ್ದೇ ಅತಿಮಧುರ, ಅಂದರೆ ಜ್ಯೇಷ್ಠಮಧು. ಅದು ದೇಹದಲ್ಲಿ ಸೋಡಿಯಂ ಉಳಿಸಿ, ಪೊಟ್ಯಾಶಿಯಂ ಇಳಿಸಿ, ಬಿಪಿ ಏರಿಸುತ್ತದೆ. ಪುಡಿ ನಿಲ್ಲಿಸಿದೆ, ಕೆಲವು ವಾರದಲ್ಲಿ ಬಿಪಿ ಇಳಿಯಿತು. ಮನೆಯ ಕೆಮ್ಮಿನ ಪುಡಿ, ಕಷಾಯದ ಪುಡಿಗಳ ಹಿಂದೆ ಬರೆದಿರುವುದನ್ನು ಒಮ್ಮೆ ಓದಿ.

ಸರ್ಪಗಂಧದ ಬೇರು ಇನ್ನೊಂದು ತುದಿ. ಅದಕ್ಕೆ ಬಿಪಿ ಇಳಿಸುವ ಶಕ್ತಿ ನಿಜವಾಗಿಯೂ ಇದೆ. 1952ರಲ್ಲಿ ಅದರಿಂದಲೇ ರೆಸರ್ಪಿನ್ ಅನ್ನುವ ಔಷಧ ಬೇರ್ಪಡಿಸಿದರು. ಶಕ್ತಿ ಇದೆ ಅನ್ನುವುದೇ ಭಯದ ಕಾರಣ. ಜಾಸ್ತಿಯಾದರೆ ನಾಡಿ ನಿಧಾನವಾಗುತ್ತದೆ, ಮನಸ್ಸು ಕುಗ್ಗಿ ಖಿನ್ನತೆ ಬರಬಹುದು. ಅಲೋಪತಿ ಮಾತ್ರೆಯ ಜೊತೆ ಸೇರಿದರೆ ಬಿಪಿ ಎಲ್ಲಿಗೆ ಇಳಿಯುತ್ತದೆ ಅಂತ ಹೇಳಲಾಗದು. ಬಿಡಿ ಪುಡಿ ತಂದು ಚಮಚದಲ್ಲಿ ಅಳೆಯುವ ವಸ್ತು ಅಲ್ಲ.

ಹೊಳೆಮತ್ತಿ ತೊಗಟೆ, ಅಶ್ವಗಂಧ, ಬೆಳ್ಳುಳ್ಳಿಯ ಗುಳಿಗೆ ಬೇಕು ಅನ್ನಿಸಿದರೆ ಬಿಎಎಂಎಸ್ (ಆಯುರ್ವೇದದ ಪದವಿ) ಓದಿದ ವೈದ್ಯರನ್ನು ಕಾಣಿ. ಸರ್ಕಾರಿ ಆಯುಷ್ ಆಸ್ಪತ್ರೆಗಳಲ್ಲಿ ಅವರು ಇರುತ್ತಾರೆ. ನಿಮ್ಮ ಮಾತ್ರೆಗಳ ಚೀಟಿ ತೋರಿಸಿ. ಅವರು ಕೊಟ್ಟದ್ದನ್ನು ಬಿಪಿ ಡಾಕ್ಟರಿಗೂ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದವರು ಬೆಳ್ಳುಳ್ಳಿ ಗುಳಿಗೆಗೂ ಕೇಳಲೇಬೇಕು. ಸಾರಿಗೆ ಹಾಕುವ ನಾಲ್ಕು ಎಸಳಿಗೆ ಈ ಭಯ ಇಲ್ಲ. ಲೇಬಲ್ ಇಲ್ಲದ ಭಸ್ಮ, ಸಿಂಧೂರ (ಲೋಹ, ಖನಿಜದಿಂದ ಮಾಡುವ ಔಷಧದ ಪುಡಿಗಳು) ಬೇಡವೇ ಬೇಡ. ಮಾತ್ರೆಗೂ ಕಷಾಯಕ್ಕೂ ಒಂದು ಗಂಟೆ ಅಂತರ ಕೊಟ್ಟರೆ ಏನೂ ಆಗಲ್ಲ ಅನ್ನುವುದು ಸುಳ್ಳು. ಹೊಟ್ಟೆಯಲ್ಲಿ ಸೇರದಿದ್ದರೂ ರಕ್ತದಲ್ಲಿ ಸೇರುತ್ತವೆ.

ಒಂದು ಸಲಕ್ಕೆ ಒಂದೇ ಹೊಸ ಔಷಧ. ನಾಲ್ಕು ವಾರ ಅಂಕಿ ಬರೆಯಿರಿ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಅಂತ ತಿಳಿಯುವುದಿಲ್ಲ.

ಹಂತ 8: ಮೂರು ತಿಂಗಳಾದ ಮೇಲೆ

ಮೊದಲ ಹಂತದ ಏಳು ದಿನದ ಅಳತೆಯನ್ನು ಮತ್ತೆ ಮಾಡಿ, ಎರಡು ಸರಾಸರಿಗಳನ್ನು ಪಕ್ಕಪಕ್ಕ ಬರೆಯಿರಿ. ಇಳಿದಿದ್ದರೆ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಕಡಿಮೆ ಮಾಡುವುದು, ಬಿಡುವುದು ಅವರ ಕೆಲಸ. ಕೆಲವು ಮಾತ್ರೆಗಳನ್ನು ದಿಢೀರನೆ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲಕ್ಕೆ ಹಾರುತ್ತದೆ.

ನಡುವೆ ಮೇಲಿನ ಅಂಕಿ 100ಕ್ಕಿಂತ ಕೆಳಗೆ ಬಂದು ತಲೆ ತಿರುಗಿದರೆ, ಎದ್ದು ನಿಂತಾಗ ಕಣ್ಣು ಕತ್ತಲೆಯಾದರೆ, ಪಾದ ಊದಿಕೊಂಡರೆ ಮೂರು ತಿಂಗಳು ಕಾಯಬೇಡಿ, ಆಗಲೇ ಹೋಗಿ. ಅಂಕಿ ಒಂದಿಷ್ಟೂ ಕದಲಿಲ್ಲವೆಂದರೆ ಮೊದಲು ನೋಡಬೇಕಾದದ್ದು ಅಡುಗೆಮನೆಯ ಉಪ್ಪಿನ ಪ್ಯಾಕೆಟ್. ಅದರ ಮೇಲಿನ ತಾರೀಖಿನಿಂದ ಎಷ್ಟು ದಿನ ಆಯಿತು, ಒಳಗೆ ಇನ್ನೆಷ್ಟು ಉಳಿದಿದೆ, ಎಣಿಸಿ ನೋಡಿ.